ಗುಂಡಿಗೆಯೂ ಉಸಿರೂ ಒಂದೇ ಗೊಂಚಲಲ್ಲಿ: ಹೃದಯ–ಶ್ವಾಸಕೋಶ ಕಸಿಯ ಮೊದಲ ಪಾಠ

ಮೊದಲ ಪಿಯುಸಿ ಮಕ್ಕಳಿಗೆ ರಕ್ತ ಪರಿಚಲನೆಯ ಪಾಠ ಬರುವ ವಾರ ನಾನು ಮಟನ್ ಅಂಗಡಿಗೆ ಹೋಗಿ ಒಂದು ಮಾತು ಹೇಳಿ ಬರುತ್ತೇನೆ: "ಕುರಿಯ ಗುಂಡಿಗೆ, ಶ್ವಾಸಕೋಶ ಬಿಡಿಸಬೇಡಿ, ಒಟ್ಟಿಗೇ ಇರಲಿ." ಒಂದು ವರ್ಷ ಅಂಗಡಿಯವರ ಮಗನೇ ನಮ್ಮ ತರಗತಿಯಲ್ಲಿದ್ದ. ಸ್ಟೀಲ್ ಡಬ್ಬಿಯಲ್ಲಿ ತಂದವನು ಮುಚ್ಚಳ ತೆಗೆದು, ಉಸಿರುನಾಳವನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ. ಉಂಗುರ ಉಂಗುರವಾದ ಆ ನಾಳದ ತುದಿಯಲ್ಲಿ ನಸುಗೆಂಪು ಬಣ್ಣದ ಎರಡು ಶ್ವಾಸಕೋಶ, ಅವುಗಳ ನಡುವೆ ಮುಷ್ಟಿಗಾತ್ರದ ಗುಂಡಿಗೆ. ಎಲ್ಲವೂ ಒಂದೇ ಗೊಂಚಲಾಗಿ ತೂಗಾಡಿತು. ಸೈಕಲ್ ಪಂಪಿನ ಟ್ಯೂಬನ್ನು ಉಸಿರುನಾಳಕ್ಕೆ ಸಿಕ್ಕಿಸಿ ಎರಡು ಸಲ ಒತ್ತಿದೆ. ಮುದುಡಿ ಬಿದ್ದಿದ್ದ ಶ್ವಾಸಕೋಶ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತು. ಬಿಟ್ಟಾಗ ನಿಧಾನಕ್ಕೆ ಇಳಿಯಿತು. ಹಿಂದಿನ ಬೆಂಚಿನವರೂ ಎದ್ದು ಮುಂದೆ ಬಂದರು.

"ಇದನ್ನು ಮೈಯಿಂದ ಬಿಡಿಸುವಾಗ ನಿಮ್ಮಪ್ಪ ಎಷ್ಟು ಕಡೆ ಕೊಯ್ದರು, ನೋಡಿ ಹೇಳು" ಅಂದೆ.

ಅವನು ತಿರುಗಿಸಿ ತಿರುಗಿಸಿ ನೋಡಿ ಎಣಿಸಿದ. "ಉಸಿರುನಾಳ ಒಂದು. ಈ ದಪ್ಪ ಕೊಳವೆ ಒಂದು. ಮೇಲೊಂದು, ಕೆಳಗೊಂದು ಮೆತ್ತಗಿನವು ಎರಡು. ನಾಲ್ಕು ಸಾರ್."

"ಗುಂಡಿಗೆಗೂ ಶ್ವಾಸಕೋಶಕ್ಕೂ ನಡುವೆ ಇರುವ ಕೊಳವೆಗಳು?"

"ಅವನ್ನ ಮುಟ್ಟೇ ಇಲ್ವಲ್ಲ ಸಾರ್."

ಈ ಎರಡು ಉತ್ತರ ನೆನಪಿಟ್ಟುಕೊಳ್ಳಿ. ಒಬ್ಬ ಮನುಷ್ಯನ ಹೃದಯವನ್ನೂ ಎರಡೂ ಶ್ವಾಸಕೋಶಗಳನ್ನೂ ಒಂದೇ ಸಲ ತೆಗೆದು, ತೀರಿಕೊಂಡ ಇನ್ನೊಬ್ಬರವನ್ನು ಅಲ್ಲಿ ಕೂರಿಸುವ ಚಿಕಿತ್ಸೆಯ ಗುಟ್ಟು ಅರ್ಧಕ್ಕರ್ಧ ಅದರಲ್ಲೇ ಇದೆ. ವೈದ್ಯಶಾಸ್ತ್ರದ ಪರಿಚಯವೇ ಇಲ್ಲದವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅವಸರವಿಲ್ಲ, ಒಂದೊಂದೇ ಮೆಟ್ಟಿಲು ಹತ್ತೋಣ.

ಒಂದು ಮನೆ, ಎರಡು ಪಂಪು

ಮೊದಲು ಮಾತಿನ ಗೊಂದಲ ಕಳೆಯೋಣ. ಪಠ್ಯಪುಸ್ತಕದ ಅಪಧಮನಿ, ಅಭಿಧಮನಿ ಎಂಬ ಹೆಸರುಗಳು ಮಕ್ಕಳಿಗೆ ಪರೀಕ್ಷೆಯ ದಿನವೂ ಅದಲುಬದಲಾಗುತ್ತವೆ. ಇಲ್ಲಿ ಧಮನಿ ಎಂದರೆ ಹೃದಯದಿಂದ ರಕ್ತ ಹೊರಗೆ ಒಯ್ಯುವ ಕೊಳವೆ, ಸಿರೆ ಎಂದರೆ ಹೃದಯಕ್ಕೆ ರಕ್ತ ವಾಪಸು ತರುವ ಕೊಳವೆ. ಅಷ್ಟು ಸಾಕು.

ಹೃದಯ ಒಂದೇ ಎಂದು ಹೇಳುತ್ತೇವಾದರೂ ಅದು ಅಕ್ಕಪಕ್ಕ ಅಂಟಿಕೊಂಡ ಎರಡು ಪಂಪು. ಬಲಗಡೆಯ ಪಂಪಿಗೆ ಮೈಯೆಲ್ಲ ಸುತ್ತಿ ಬಂದ ರಕ್ತ ಎರಡು ಮಹಾಸಿರೆಗಳ ಮೂಲಕ ಬಂದು ಸೇರುತ್ತದೆ. ಅದನ್ನು ಶ್ವಾಸಕೋಶಕ್ಕೆ ತಳ್ಳುವುದಷ್ಟೇ ಅದರ ಕೆಲಸ. ಅಲ್ಲಿ ಕೋಟಿಗಟ್ಟಲೆ ಗಾಳಿಚೀಲಗಳ ಗೋಡೆಗೆ ತಾಗಿ ಹರಿಯುವಾಗ ರಕ್ತ ಆಮ್ಲಜನಕ ತುಂಬಿಕೊಂಡು ಎಡಗಡೆಯ ಪಂಪಿಗೆ ಬರುತ್ತದೆ. ಎಡಪಂಪು ಅದನ್ನು ಮಹಾಧಮನಿಗೆ ಒತ್ತಿ ಅಂಗಾಲಿನವರೆಗೂ ಕಳಿಸುತ್ತದೆ. ಆರಾಮಾಗಿ ಕೂತಿರುವ ದೊಡ್ಡವರಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೀಗೆ ಸುತ್ತು ಹೊಡೆಯುತ್ತದೆ.

ಎರಡೂ ಪಂಪು ಸಾಗಿಸುವ ರಕ್ತ ಸಮಸಮ. ಒತ್ತಡ ಮಾತ್ರ ಬೇರೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡುವ 120/80 ಎಡಪಂಪಿನ ಕಡೆಯ ಲೆಕ್ಕ. ಶ್ವಾಸಕೋಶದ ಧಮನಿಯಲ್ಲಿ ಅದು ಸುಮಾರು 25/10 ಅಷ್ಟೇ. ಶ್ವಾಸಕೋಶ ಪಕ್ಕದಲ್ಲೇ ಇದೆ, ಅಲ್ಲಿನ ಕೊಳವೆಗಳು ಅಗಲ ಮತ್ತು ಮೆತ್ತಗೆ. ಜೋರಾಗಿ ತಳ್ಳುವ ಅಗತ್ಯವಿಲ್ಲ. ಆದ್ದರಿಂದ ಬಲಪಂಪಿನ ಗೋಡೆ ತೆಳು. ಎಡಪಂಪು ಗುಡ್ಡದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರಾದರೆ, ಬಲಪಂಪು ಪಕ್ಕದ ಪಾತಿಗೆ ನೀರು ಹಾಯಿಸುವ ಮೋಟಾರು. ಪಾತಿಯ ಮೋಟಾರಿಗೆ ಒಂದು ದಿನ ಗುಡ್ಡದ ಕೆಲಸ ವಹಿಸಿದರೆ ಏನಾಗುತ್ತದೋ ಅದೇ ಈ ಕಾಯಿಲೆಗಳ ಕಥೆ.

ಎರಡನ್ನೂ ಬದಲಿಸುವ ಸ್ಥಿತಿ ಹೇಗೆ ಬರುತ್ತದೆ?

ಒಂದು ಕೂಸಿನ ಉದಾಹರಣೆ ತೆಗೆದುಕೊಳ್ಳೋಣ. ಅದರ ಹೃದಯದ ಎಡಬಲ ಪಂಪುಗಳ ನಡುಗೋಡೆಯಲ್ಲಿ ಹುಟ್ಟಿನಿಂದಲೇ ದೊಡ್ಡ ರಂಧ್ರವಿದೆ. ಎಡಗಡೆ ಒತ್ತಡ ಹೆಚ್ಚಾದ್ದರಿಂದ ರಕ್ತ ಆ ರಂಧ್ರದಲ್ಲಿ ಬಲಗಡೆಗೆ ನುಗ್ಗುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ. ಶ್ವಾಸಕೋಶಕ್ಕೆ ಸದಾ ಪ್ರವಾಹ. ಕೂಸು ಹಾಲು ಕುಡಿಯುವಾಗ ಬೆವರುತ್ತದೆ, ಮೈ ಹಿಡಿಯುವುದಿಲ್ಲ, ತಿಂಗಳು ತಿಂಗಳಿಗೂ ಕಫ, ಜ್ವರ ಎಂದು ಆಸ್ಪತ್ರೆ.

ಆಮೇಲೆ ನಡೆಯುವುದು ಮೋಸದ ಸಂಗತಿ. ಪ್ರವಾಹದ ಹೊಡೆತ ತಾಳಲಾರದೆ ಶ್ವಾಸಕೋಶದ ಸಣ್ಣ ಧಮನಿಗಳು ಗೋಡೆ ದಪ್ಪ ಮಾಡಿಕೊಂಡು ಕಿರಿದಾಗತೊಡಗುತ್ತವೆ. ಒಳಗೆ ನುಗ್ಗುವ ರಕ್ತ ಕಡಿಮೆಯಾಗುತ್ತದೆ, ಕಫ ಕಡಿಮೆಯಾಗುತ್ತದೆ, ಮಗು ಗೆಲುವಾದಂತೆ ಕಾಣುತ್ತದೆ. "ಬೆಳೀತಾ ಬೆಳೀತಾ ಸರಿಹೋಯ್ತು" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕಿರಿದಾಗುವುದು ಮಾತ್ರ ನಿಲ್ಲುವುದಿಲ್ಲ. ಒಂದು ಹಂತದಲ್ಲಿ ಬಲಗಡೆಯ ಒತ್ತಡ ಎಡಗಡೆಯನ್ನು ಮೀರುತ್ತದೆ. ರಂಧ್ರದಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತದೆ. ಆಮ್ಲಜನಕ ಕಾಣದ ರಕ್ತ ನೇರ ಮೈಗೆ ಹೋಗಿ ತುಟಿ, ಉಗುರು ನೀಲಿಗಟ್ಟುತ್ತವೆ, ಬೆರಳ ತುದಿಗಳು ಉಬ್ಬುತ್ತವೆ. 1897ರಲ್ಲಿ ಇಂಥ ರೋಗಿಯೊಬ್ಬರನ್ನು ವರ್ಣಿಸಿದ ವಿಕ್ಟರ್ ಐಸೆನ್‌ಮೆಂಗರ್ ಅವರ ಹೆಸರೇ ಈ ಸ್ಥಿತಿಗೆ ನಿಂತಿದೆ: ಐಸೆನ್‌ಮೆಂಗರ್ ಸಿಂಡ್ರೋಮ್.

ಈಗ ರಂಧ್ರ ಮುಚ್ಚಿದರಾಯಿತಲ್ಲ ಎಂದು ಕೇಳುತ್ತೀರಿ. ಚಿಕ್ಕಂದಿನಲ್ಲಿ ಮುಚ್ಚಿದ್ದರೆ ಆಗುತ್ತಿತ್ತು. ಈಗ ಮುಚ್ಚುವಂತಿಲ್ಲ. ಕುಕ್ಕರಿನ ಸೇಫ್ಟಿ ವಾಲ್ವಿನಂತೆ ಬಲಪಂಪಿನ ಅತಿಯಾದ ಒತ್ತಡಕ್ಕೆ ಆ ರಂಧ್ರವೇ ದಾರಿಯಾಗಿದೆ. ಅದನ್ನು ಮುಚ್ಚಿದರೆ ಬಲಪಂಪು ಕುಸಿಯುತ್ತದೆ.

ಹೊಸ ಹೃದಯ ಮಾತ್ರ ಹಾಕಿದರೆ? ಹೊಸ ಹೃದಯದ ಬಲಪಂಪು ಜೀವಮಾನವಿಡೀ 25ರ ಒತ್ತಡ ಕಂಡದ್ದು. ಬಂದ ದಿನವೇ ಅದಕ್ಕೆ 100ರ ಮೇಲಿನ ಒತ್ತಡ ಎದುರಿಸು ಎಂದರೆ ಆಪರೇಷನ್ ಟೇಬಲ್ಲಿನ ಮೇಲೇ ಸೋಲುತ್ತದೆ. ಹೊಸ ಶ್ವಾಸಕೋಶ ಮಾತ್ರ ಹಾಕಿದರೆ? ರಂಧ್ರ ಸರಳವಾಗಿದ್ದರೆ ಅದನ್ನು ಹೊಲಿದು, ಎರಡು ಶ್ವಾಸಕೋಶ ಬದಲಿಸಿದರೆ ನಡೆಯುತ್ತದೆ. ಹೃದಯದ ರಚನೆಯೇ ತೊಡಕಾಗಿದ್ದು ರಿಪೇರಿಗೆ ಸಿಗದಿದ್ದರೆ, ಅಥವಾ ಎಡಪಂಪೂ ಕೈಕೊಟ್ಟಿದ್ದರೆ, ಆಗ ಉಳಿಯುವುದು ಜೋಡಿ ಕಸಿ.

ರಂಧ್ರವೇ ಇಲ್ಲದೆ ಶ್ವಾಸಕೋಶದ ಧಮನಿಗಳು ತಾವಾಗಿ ಕಿರಿದಾಗುವ ಕಾಯಿಲೆಯೂ ಉಂಟು. ಅದಕ್ಕೆ ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ಒಂದು ಕಾಲಕ್ಕೆ ಅದಕ್ಕೂ ಜೋಡಿ ಕಸಿಯೇ ಗತಿ ಎಂದಿತ್ತು. ಆಮೇಲೆ ವೈದ್ಯರು ಒಂದು ಒಳ್ಳೆಯ ಸಂಗತಿ ಕಂಡುಕೊಂಡರು: ಶ್ವಾಸಕೋಶ ಬದಲಿಸಿ ಒತ್ತಡ ಇಳಿಸಿದರೆ, ಹಿಗ್ಗಿ ಸೋತಿದ್ದ ಹಳೆಯ ಬಲಪಂಪು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹೀಗಾಗಿ ಅವರಲ್ಲಿ ಹೆಚ್ಚಿನವರಿಗೆ ಈಗ ಶ್ವಾಸಕೋಶ ಮಾತ್ರ ಸಾಕು.

ಸ್ಟ್ಯಾನ್‌ಫರ್ಡ್, 1981

ರಷ್ಯಾದ ವ್ಲಾದಿಮಿರ್ ದೆಮಿಖೊವ್ 1946ರಲ್ಲೇ ನಾಯಿಗಳಲ್ಲಿ ಹೃದಯ ಮತ್ತು ಶ್ವಾಸಕೋಶವನ್ನು ಒಟ್ಟಿಗೆ ಬದಲಿಸಿ ನೋಡಿದ್ದರು. ಮನುಷ್ಯರಲ್ಲಿ ಮೊದಲ ಪ್ರಯತ್ನ 1968ರಲ್ಲಿ ಅಮೆರಿಕದ ಡೆಂಟನ್ ಕೂಲಿ ಅವರದು. ಎರಡು ತಿಂಗಳ ಆ ಕೂಸು ಬದುಕಿದ್ದು 14 ಗಂಟೆ. ಮರುವರ್ಷ ವಾಲ್ಟನ್ ಲಿಲ್ಲೆಹೈ ಅವರ ರೋಗಿ 8 ದಿನ, 1971ರಲ್ಲಿ ಕೇಪ್‌ಟೌನಿನ ಕ್ರಿಶ್ಚಿಯನ್ ಬರ್ನಾರ್ಡ್ ಅವರ ರೋಗಿ 23 ದಿನ ಬದುಕಿದರು. 1967ರಲ್ಲಿ ಜಗತ್ತಿನ ಮೊದಲ ಹೃದಯ ಕಸಿ ಮಾಡಿ ಹೆಸರಾದವರೂ ಇದೇ ಬರ್ನಾರ್ಡ್. ಅಲ್ಲಿಂದ ಹತ್ತು ವರ್ಷ ಯಾರೂ ಕೈಹಾಕಲಿಲ್ಲ.

ತಡೆದದ್ದು ಎರಡು ಅನುಮಾನ. ಒಂದು, ನರಗಳೆಲ್ಲ ಕತ್ತರಿಸಿಹೋದ ಶ್ವಾಸಕೋಶದಲ್ಲಿ ಮನುಷ್ಯ ಉಸಿರಾಡಬಲ್ಲನೆ? ನಾಯಿಗಳಿಗೆ ಆಗುತ್ತಿರಲಿಲ್ಲ, ಉಸಿರಿನ ಲಯವೇ ತಪ್ಪುತ್ತಿತ್ತು. ಕೋತಿಗಳಲ್ಲಿ ಮಾಡಿ ನೋಡಿದಾಗ ಅವು ಸಲೀಸಾಗಿ ಉಸಿರಾಡಿದವು. ನಮ್ಮ ನೆಂಟಸ್ತಿಕೆ ಯಾರ ಜೊತೆ ಎಂಬುದು ಅಲ್ಲಿ ಉಪಕಾರಕ್ಕೆ ಬಂತು. ಎರಡನೆಯದು, ಮೈ ಈ ಹೊರಗಿನ ಅಂಗವನ್ನು ಒಪ್ಪುತ್ತದೆಯೆ? ಅದಕ್ಕೆ ಉತ್ತರ ಬಂದದ್ದು ನಾರ್ವೆಯ ಬೆಟ್ಟದ ಮೇಲಿನ ಮಣ್ಣಿನಿಂದ. ಆ ಮಣ್ಣಿನ ಒಂದು ಶಿಲೀಂಧ್ರದಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿ ತೆಗೆದ ಸೈಕ್ಲೋಸ್ಪೋರಿನ್ ಎಂಬ ವಸ್ತು, ಮೈಯ ಪ್ರತಿರೋಧವನ್ನು ಹದವಾಗಿ ತಗ್ಗಿಸುತ್ತಿತ್ತು. ಅದಕ್ಕೂ ಮುಂಚೆ ಸ್ಟೀರಾಯ್ಡ್ ಅತಿಯಾಗಿ ಕೊಡಬೇಕಿತ್ತು. ಸ್ಟೀರಾಯ್ಡ್ ಜಾಸ್ತಿಯಾದರೆ ಉಸಿರುನಾಳದ ಹೊಲಿಗೆ ಕೂಡಿಕೊಳ್ಳದೆ ಬಿಟ್ಟುಹೋಗುತ್ತಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಷಮ್ವೇ ಅವರ ತಂಡದ ಬ್ರೂಸ್ ರೈಟ್ಜ್ ಈ ಔಷಧ ಬಳಸಿ ಕೋತಿಗಳಲ್ಲಿ ಜೋಡಿ ಕಸಿ ಮಾಡಿ ದೀರ್ಘಕಾಲ ಬದುಕಿಸಿದರು. 1981ರ ಮಾರ್ಚ್ 9ರಂದು ಅವರ ಮುಂದೆ ಮಲಗಿದ್ದವರು ಮೇರಿ ಗೋಲ್ಕಿ. ವಯಸ್ಸು 45, ಅರಿಜೋನಾದ ಪತ್ರಿಕೆಯೊಂದರ ಜಾಹೀರಾತು ವಿಭಾಗದವರು. ಪಲ್ಮನರಿ ಹೈಪರ್‌ಟೆನ್ಷನ್ನಿನಿಂದ ನಾಲ್ಕು ಹೆಜ್ಜೆ ಇಡಲೂ ಆಗದ ಸ್ಥಿತಿಗೆ ಬಂದಿದ್ದರು. ಆಪರೇಷನ್ ಆದ ಮೇಲೆ ಅವರು ಐದು ವರ್ಷ ಬದುಕಿದರು, ತಮ್ಮ ಕಥೆಯನ್ನು ಪುಸ್ತಕವಾಗಿ ಬರೆದರು. ಜೋಡಿ ಕಸಿ ಪ್ರಯೋಗದ ಹಂತ ದಾಟಿ ಚಿಕಿತ್ಸೆ ಅನಿಸಿಕೊಂಡದ್ದು ಆ ದಿನದಿಂದ.

ಕೊಡುವವರು ಯಾರು?

ಕಣ್ಣು ದಾನದ ಬಗ್ಗೆ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದದ್ದನ್ನು ನಾಡೇ ಬಲ್ಲದು. ಕಣ್ಣನ್ನು ಹೃದಯ ನಿಂತ ಮೇಲೂ ಕೆಲವು ಗಂಟೆಗಳೊಳಗೆ ತೆಗೆಯಬಹುದು. ಹೃದಯ, ಶ್ವಾಸಕೋಶದ ಲೆಕ್ಕ ಬೇರೆ. ನಮ್ಮ ದೇಶದಲ್ಲಿ ಇವು ಸಿಗುವುದು ಮಿದುಳು ಸತ್ತು, ಹೃದಯ ಇನ್ನೂ ಬಡಿಯುತ್ತಿರುವವರಿಂದ. 2021ರಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ನಟ ಸಂಚಾರಿ ವಿಜಯ್ ಅವರಿಗೆ ಆದದ್ದು ಇಂಥ ಮಿದುಳು ಸಾವು. ಅವರ ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿತು.

ಇಲ್ಲೇ ಹೊಸಬರು ಎಡವುವುದು. ಕೋಮಾ ಬೇರೆ, ಮಿದುಳು ಸಾವು ಬೇರೆ. ಕೋಮಾದಲ್ಲಿರುವವರು ಎಚ್ಚರಗೊಳ್ಳಬಹುದು. ಮಿದುಳು ಸಾವಿನಲ್ಲಿ ಉಸಿರಾಟವನ್ನು ನಡೆಸುವ ಮಿದುಳುಕಾಂಡವೇ ಸತ್ತಿರುತ್ತದೆ. ಎದೆ ಏರಿಳಿಯುತ್ತಿದ್ದರೆ ಅದು ವೆಂಟಿಲೇಟರಿನ ಕೆಲಸ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಇದನ್ನು ದೃಢಪಡಿಸಬೇಕು; ಕನಿಷ್ಠ 6 ಗಂಟೆ ಬಿಟ್ಟು ಎರಡನೇ ಸಲ ಎಲ್ಲ ಪರೀಕ್ಷೆ ಮಾಡಬೇಕು. ವೆಂಟಿಲೇಟರ್ ತಪ್ಪಿಸಿ, ಸ್ವಂತ ಉಸಿರು ಬರುತ್ತದೆಯೇ ಎಂದು ನೋಡುವುದೂ ಅದರಲ್ಲಿ ಸೇರಿದೆ. ಆಮೇಲೆ ಮನೆಯವರ ಒಪ್ಪಿಗೆ. ನಮ್ಮ ರಾಜ್ಯದಲ್ಲಿ ಯಾವ ಅಂಗ ಯಾರಿಗೆ ಎಂಬ ಸರದಿಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ 'ಜೀವಸಾರ್ಥಕತೆ'.

ಒಪ್ಪಿಗೆ ಸಿಕ್ಕಿತು ಎಂದ ಮಾತ್ರಕ್ಕೆ ಶ್ವಾಸಕೋಶ ಸಿಕ್ಕಂತಲ್ಲ. ಮೈಯೊಳಗಿನ ಅಂಗಗಳಲ್ಲಿ ಹೊರಗಿನ ಗಾಳಿಗೆ ನೇರ ತೆರೆದುಕೊಂಡಿರುವುದು ಇದು. ಅಪಘಾತದಲ್ಲಿ ಎದೆಗೆ ಪೆಟ್ಟಾಗಿರಬಹುದು, ಪ್ರಜ್ಞೆ ತಪ್ಪಿದಾಗ ವಾಂತಿ ಒಳಗೆ ಇಳಿದಿರಬಹುದು, ವೆಂಟಿಲೇಟರಿನಲ್ಲಿ ದಿನ ಕಳೆದಂತೆ ಸೋಂಕು ಹತ್ತಿರಬಹುದು. ಒಬ್ಬ ದಾನಿಯ ಎರಡು ಕಿಡ್ನಿಯೂ ಚೆನ್ನಾಗಿದ್ದು ಶ್ವಾಸಕೋಶ ಕೆಲಸಕ್ಕೆ ಬಾರದೆ ಹೋಗುವುದೇ ಹೆಚ್ಚು. ಹೃದಯವೂ ಎರಡೂ ಶ್ವಾಸಕೋಶಗಳೂ ಒಟ್ಟಿಗೆ ಚೆನ್ನಾಗಿರುವ ದಾನಿ ಇನ್ನೂ ಅಪರೂಪ. ರಕ್ತದ ಗುಂಪು ಹೊಂದಬೇಕು. ಎದೆಯ ಅಳತೆಯೂ ಹೊಂದಬೇಕು: ಆರಡಿ ಆಳಿನ ಶ್ವಾಸಕೋಶ ಐದಡಿಯವರ ಪಕ್ಕೆಲುಬಿನ ಗೂಡಿನಲ್ಲಿ ಅರಳಲಾರದು.

ಮೇಲಿಂದ ಗಡಿಯಾರದ ಕಾಟ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಿಡ್ನಿ ಒಂದು ದಿನ ತಡೆಯುತ್ತದೆ. ಹೃದಯಕ್ಕೆ ಸುಮಾರು 4 ಗಂಟೆಯ ಗಡುವು. ಆಂಬುಲೆನ್ಸಿಗಾಗಿ ಪೊಲೀಸರು ಸಿಗ್ನಲ್ ತೆರೆದು ಬಿಡುವ 'ಗ್ರೀನ್ ಕಾರಿಡಾರ್' ಬಂದದ್ದು ಇದಕ್ಕೇ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದಾನಿಯೊಬ್ಬರ ಹೃದಯ ಹೀಗೆ ವಿಮಾನ ಹತ್ತಿ ಚೆನ್ನೈಗೆ ಹೋಯಿತು. 2025ರಲ್ಲಿ ಅಂಗ ಸಾಗಿಸಲು ನಮ್ಮ ಮೆಟ್ರೋ ರೈಲನ್ನೂ ಬಳಸಿದರು.

ಆಪರೇಷನ್ ಥಿಯೇಟರಿನಲ್ಲಿ

ಈಗ ಆ ಹುಡುಗನ ಲೆಕ್ಕಕ್ಕೆ ಬರೋಣ. ಎದೆಮೂಳೆಯನ್ನು ಉದ್ದಕ್ಕೆ ಸೀಳಿಯೋ ಎದೆಯನ್ನು ಅಡ್ಡಕ್ಕೆ ತೆರೆದೋ, ರೋಗಿಯ ರಕ್ತವನ್ನು ಹಾರ್ಟ್–ಲಂಗ್ ಯಂತ್ರಕ್ಕೆ ತಿರುಗಿಸುತ್ತಾರೆ. ಮುಂದಿನ ಕೆಲವು ಗಂಟೆ ಪಂಪೂ ಉಸಿರೂ ಆ ಯಂತ್ರವೇ.

ಅಚ್ಚರಿ ಇರುವುದು ಇಲ್ಲಿ. ಕೇಳುವುದಕ್ಕೆ ಜೋಡಿ ಕಸಿ ದೊಡ್ಡದು, ಶ್ವಾಸಕೋಶ ಮಾತ್ರದ ಕಸಿ ಚಿಕ್ಕದು. ಹೊಲಿಗೆ ಎಣಿಸಿದರೆ ತಿರುವುಮುರುವು. ಎರಡು ಶ್ವಾಸಕೋಶ ಬಿಡಿಬಿಡಿಯಾಗಿ ಕೂರಿಸುವಾಗ ಪ್ರತಿಯೊಂದಕ್ಕೂ ಗಾಳಿಕೊಳವೆ ಒಂದು, ಧಮನಿ ಒಂದು, ಸಿರೆಗಳ ಪಟ್ಟಿ ಒಂದು: ಒಟ್ಟು ಆರು ಕಡೆ ಕೂಡಿಸಬೇಕು. ಗೊಂಚಲನ್ನು ಗೊಂಚಲಾಗಿಯೇ ತಂದರೆ ಹೃದಯಕ್ಕೂ ಶ್ವಾಸಕೋಶಕ್ಕೂ ನಡುವಿನ ಕೊಳವೆಗಳು ದಾನಿಯ ಮೈಯಲ್ಲಿ ಹೇಗಿದ್ದವೋ ಹಾಗೇ ಇರುತ್ತವೆ, "ಮುಟ್ಟೇ ಇಲ್ವಲ್ಲ ಸಾರ್" ಎಂದನಲ್ಲ, ಹಾಗೆ. ಉಸಿರುನಾಳ ಒಂದು, ಮಹಾಧಮನಿ ಒಂದು, ಮೇಲಿನ ಮತ್ತು ಕೆಳಗಿನ ಮಹಾಸಿರೆ ಎರಡು. ನಾಲ್ಕೇ. ರೈಟ್ಜ್ ತಮ್ಮ ವಿಧಾನದಲ್ಲಿ ಮಹಾಸಿರೆಗಳನ್ನು ಬಿಡಿಸದೆ ಹೃದಯದ ಬಲಗೋಣೆಯ ಗೋಡೆಗೇ ಒಂದು ಹೊಲಿಗೆ ಹಾಕುತ್ತಿದ್ದರು, ಆಗ ಮೂರೇ.

ಹಾಗಾದರೆ ಕಷ್ಟ ಎಲ್ಲಿ? ಹಳೆಯದನ್ನು ತೆಗೆಯುವುದರಲ್ಲಿ. ವರ್ಷಗಟ್ಟಲೆ ನೀಲಿಗಟ್ಟಿದ ರೋಗಿಯ ಎದೆಯೊಳಗೆ ಮೈ ತಾನೇ ಅಡ್ಡದಾರಿ ಹುಡುಕಿಕೊಂಡು ನೂರಾರು ಸಣ್ಣ ರಕ್ತನಾಳಗಳನ್ನು ಬೆಳೆಸಿರುತ್ತದೆ. ಹಿಂದೆ ಎಂದಾದರೂ ಆಪರೇಷನ್ ಆಗಿದ್ದರೆ ಶ್ವಾಸಕೋಶ ಪಕ್ಕೆಗೂಡಿಗೆ ಅಂಟಿರುತ್ತದೆ. ಬಿಡಿಸಿದಲ್ಲೆಲ್ಲ ರಕ್ತ ಒಸರುತ್ತದೆ. ಹೊಸ ಗೊಂಚಲು ಕೂತ ಮೇಲೆ ಅದರ ಹಿಂದಿನ ರಕ್ತಸ್ರಾವ ಕೈಗೆ ಸಿಗುವುದಿಲ್ಲ. ಜೊತೆಗೆ ಮೂರು ಜಾತಿಯ ನರಗಳು ದಾರದಷ್ಟು ಸಣ್ಣಗೆ ಅಲ್ಲೇ ಹಾದುಹೋಗುತ್ತವೆ. ಒಂದಕ್ಕೆ ಪೆಟ್ಟಾದರೆ ಉಸಿರೆಳೆಯುವ ವಪೆ ಸೋಲುತ್ತದೆ, ಇನ್ನೊಂದಕ್ಕಾದರೆ ದನಿ ಹೋಗುತ್ತದೆ, ಮತ್ತೊಂದಕ್ಕಾದರೆ ಹೊಟ್ಟೆ ಊಟ ಮುಂದೆ ತಳ್ಳುವುದಿಲ್ಲ. ಸರ್ಜನ್ನರು ಈ ನರಗಳ ಅಕ್ಕಪಕ್ಕ ಅಂಗಾಂಶದ ಪಟ್ಟಿ ಉಳಿಸಿ, ಗದ್ದೆಯಲ್ಲಿ ಬದು ಬಿಟ್ಟು ಉಳುವ ಹಾಗೆ ಕೊಯ್ಯುತ್ತಾರೆ.

ನರವಿಲ್ಲದ ಹೃದಯ, ಕೆಮ್ಮು ಮರೆತ ಎದೆ

ರಕ್ತನಾಳ ಹೊಲಿಯಬಹುದು, ಹೃದಯದ ನರಗಳನ್ನು ಹೊಲಿದು ಕೂಡಿಸಲಾಗದು. ಆದರೂ ಹೊಸ ಹೃದಯ ಬಡಿಯುತ್ತದೆ, ಏಕೆಂದರೆ ಬಡಿತ ಹುಟ್ಟಿಸುವ ಗಂಟು ಅದರೊಳಗೇ ಇದೆ. ನಿಧಾನ ಎಂದು ಹೇಳುವ ನರ ಇಲ್ಲದ್ದರಿಂದ ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90–100 ಸಲ ಬಡಿಯುತ್ತದೆ. ಬಸ್ಸು ಹಿಡಿಯಲು ಓಡಿದರೆ ತಕ್ಷಣ ವೇಗ ಏರುವುದಿಲ್ಲ. ರಕ್ತದಲ್ಲಿ ಅಡ್ರಿನಲಿನ್ ತಲುಪಲು ಕೆಲವು ನಿಮಿಷ ಬೇಕು. ಓಡಿ ನಿಂತ ಮೇಲೂ ಅದು ಬೇಗ ಇಳಿಯುವುದಿಲ್ಲ. ಆದ್ದರಿಂದ ಇವರಿಗೆ ವಾಕಿಂಗ್ ಹೇಳಿಕೊಡುವಾಗ ಮೊದಲ ಹತ್ತು ನಿಮಿಷ ನಿಧಾನ, ಕೊನೆಯ ಹತ್ತು ನಿಮಿಷ ನಿಧಾನ ಎನ್ನುತ್ತಾರೆ.

ಶ್ವಾಸಕೋಶದ ಕಡೆಯೂ ಹಾಗೆಯೇ. ಹೊಲಿಗೆಯ ಕೆಳಗೆ ಕಫ ಕೂತರೆ 'ಕೆಮ್ಮು' ಎಂದು ಹೇಳುವವರಿಲ್ಲ. ಕೆಮ್ಮು ಬಾರದಿದ್ದರೂ ದಿನಕ್ಕೆ ಹಲವು ಸಲ ಬೇಕೆಂದೇ ಕೆಮ್ಮಿ ಕಫ ತೆಗೆಯುವುದನ್ನು ರೋಗಿ ಕಲಿಯಬೇಕು.

ಮೈ ಒಪ್ಪಬೇಕಲ್ಲ

'ಕಸಿ' ಎಂಬ ಮಾತು ನಮಗೆ ತೋಟದಿಂದ ಬಂದದ್ದು. ಕಾಡುಮಾವಿನ ಗಿಡದ ಮೇಲೆ ಬಾದಾಮಿ ಮಾವಿನ ಕಡ್ಡಿ ಕಟ್ಟಿದರೆ ಎರಡೂ ಹೊಂದಿಕೊಂಡು ಫಲ ಬಿಡುತ್ತವೆ. ನಮ್ಮ ಮೈಗೆ ಆ ಸಲಿಗೆ ಇಲ್ಲ. ರಕ್ತದ ಬಿಳಿಕಣಗಳಿಗೆ ಗೊತ್ತಿರುವುದು ಒಂದೇ ಪ್ರಶ್ನೆ: ನಮ್ಮವರೋ, ಹೊರಗಿನವರೋ? ಜೀವ ಉಳಿಸಲು ಬಂದ ಅಂಗವಾದರೂ ಅವುಗಳಿಗೆ ಅದು ಹೊರಗಿನದೇ. ಅವನ್ನು ಜೀವಮಾನವಿಡೀ ತಡೆದು ಹಿಡಿಯಲು ಸಾಮಾನ್ಯವಾಗಿ ಮೂರು ಔಷಧ: ಟ್ಯಾಕ್ರೋಲಿಮಸ್, ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್. ಸೈಕ್ಲೋಸ್ಪೋರಿನ್ನಿನ ಜಾಗಕ್ಕೆ ಬಂದ ಟ್ಯಾಕ್ರೋಲಿಮಸ್ ಕೂಡ ಮಣ್ಣಿನಿಂದಲೇ ಬಂದದ್ದು, ಜಪಾನಿನ ತ್ಸುಕುಬಾದ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ.

ಹದ ತಪ್ಪುವಂತಿಲ್ಲ. ಕಡಿಮೆಯಾದರೆ ಮೈ ಅಂಗದ ಮೇಲೆ ಏರಿ ಹೋಗುತ್ತದೆ. ಹೆಚ್ಚಾದರೆ ಕಿಡ್ನಿ ಕೆಡುತ್ತದೆ, ಕೈ ನಡುಗುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ. ಎಷ್ಟು ನಾಜೂಕು ಎಂದರೆ, ದೇವನಹಳ್ಳಿಯ ಚಕ್ಕೋತ ಗೊತ್ತಲ್ಲ, ವಿಮಾನ ನಿಲ್ದಾಣದ ದಾರಿಯಲ್ಲಿ ರಾಶಿ ಹಾಕಿ ಮಾರುವ ಹಣ್ಣು? ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರು ಅದರ ಒಂದು ತೊಳೆಯನ್ನೂ ಬಾಯಿಗೆ ಹಾಕಬಾರದು. ಕರುಳಿನಲ್ಲಿ ಈ ಔಷಧವನ್ನು ಒಡೆಯುವ ಕಿಣ್ವವನ್ನು ಚಕ್ಕೋತ ಕಟ್ಟಿಹಾಕುತ್ತದೆ. ರಕ್ತದಲ್ಲಿ ಔಷಧ ಏರಿಬಿಡುತ್ತದೆ. ಅಕ್ಕಪಕ್ಕದವರು ಹೇಳಿದ ಕಷಾಯ, ಪುಡಿ, ಲೇಹ್ಯವನ್ನೂ ಡಾಕ್ಟರನ್ನು ಕೇಳದೆ ಕುಡಿಯುವಂತಿಲ್ಲ.

ಇವರ ದಿನಚರಿ ನೋಡಿ. ಬೆಳಿಗ್ಗೆ ಎದ್ದವರು ಕೈಯಲ್ಲಿ ಹಿಡಿಯುವ ಸ್ಪೈರೋಮೀಟರಿಗೆ ಜೋರಾಗಿ ಊದಿ, ಬಂದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಅಂಕಿ ನೂರಕ್ಕೆ ಹತ್ತರಷ್ಟು ಇಳಿದು ಹಾಗೇ ಉಳಿದರೆ, ಮೈಯಲ್ಲಿ ಏನೂ ಅನಿಸದಿದ್ದರೂ ಆಸ್ಪತ್ರೆಗೆ ಫೋನ್. ಮಾತ್ರೆಗೆ ಬೆಳಿಗ್ಗೆ, ರಾತ್ರಿ 12 ಗಂಟೆಯ ಅಂತರದ ಅಲಾರಂ. ಸಂತೆಗೆ ಹೋಗುವಾಗ ಮಾಸ್ಕ್. ಹಟ್ಟಿ ಗೊಬ್ಬರ ಕೆದಕುವಂತಿಲ್ಲ, ಅದರ ಬೂಷ್ಟು ಎದೆಗಿಳಿದರೆ ಅಪಾಯ. ಬೀದಿ ಬದಿಯ ಪಾನಿಪೂರಿ ಇಲ್ಲ, ಕಾಯಿಸದ ಹಾಲು ಇಲ್ಲ. ನಮ್ಮ ದೇಶದಲ್ಲಂತೂ ಕ್ಷಯದ ಮೇಲೆ ಒಂದು ಕಣ್ಣು ಸದಾ ಇಟ್ಟಿರಬೇಕು.

ಗೊಂಚಲಿನಲ್ಲಿ ಮೊದಲು ಮುನಿಸಿಕೊಳ್ಳುವುದು ಸಾಮಾನ್ಯವಾಗಿ ಶ್ವಾಸಕೋಶ, ಹೃದಯವಲ್ಲ. ಮೊದಲ ತಿಂಗಳುಗಳ ಮುನಿಸನ್ನು ಔಷಧ ಹೆಚ್ಚಿಸಿ ಹತೋಟಿಗೆ ತರಬಹುದು. ವರ್ಷಗಳ ನಂತರ ಬರುವ ಮುನಿಸು ಹಟಮಾರಿ: ಶ್ವಾಸಕೋಶದ ಅತಿ ಸಣ್ಣ ಗಾಳಿಕೊಳವೆಗಳು ಕಲೆಗಟ್ಟಿ ಮುಚ್ಚುತ್ತಾ ಹೋಗುತ್ತವೆ. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನವರು ಇದನ್ನು ಮೊದಲು ಗುರುತಿಸಿದ್ದೇ ಜೋಡಿ ಕಸಿ ಆದವರಲ್ಲಿ. ಇಂದಿಗೂ ಅದಕ್ಕೆ ಪಕ್ಕಾ ಮದ್ದಿಲ್ಲ. ಸ್ಥೂಲವಾಗಿ, ಜೋಡಿ ಕಸಿ ಆದವರಲ್ಲಿ ಅರ್ಧದಷ್ಟು ಜನ ಐದಾರು ವರ್ಷ ದಾಟುತ್ತಾರೆ. ಕಠಿಣವಾದ ಮೊದಲ ವರ್ಷ ದಾಟಿದವರನ್ನು ಮಾತ್ರ ಎಣಿಸಿದರೆ ಅರ್ಧದಷ್ಟು ಜನ ಹತ್ತು ವರ್ಷ ದಾಟುತ್ತಾರೆ.

ಒಬ್ಬರಿಗೋ, ಮೂವರಿಗೋ?

ಕೊನೆಗೆ ಒಂದು ಇಕ್ಕಟ್ಟು. ಒಬ್ಬ ದಾನಿಯ ಹೃದಯ ಒಬ್ಬರಿಗೆ, ಎರಡು ಶ್ವಾಸಕೋಶ ಬೇರೆ ಇಬ್ಬರಿಗೆ ಎಂದು ಹಂಚಿದರೆ ಮೂವರು ಬದುಕಬಹುದು. ಅಷ್ಟನ್ನೂ ಒಬ್ಬರಿಗೇ ಕೊಡುವುದು ನ್ಯಾಯವೆ? 1980ರ ದಶಕದ ಕೊನೆಯಲ್ಲಿ ಲಂಡನ್ ಬಳಿಯ ಹೇರ್‌ಫೀಲ್ಡ್ ಮತ್ತು ಅಮೆರಿಕದ ಬಾಲ್ಟಿಮೋರಿನ ವೈದ್ಯರು ಇದಕ್ಕೊಂದು ಜಾಣ ಉಪಾಯ ಮಾಡಿದರು. ಶ್ವಾಸಕೋಶ ಮಾತ್ರ ಕೆಟ್ಟ ರೋಗಿಗೂ ಗೊಂಚಲನ್ನೇ ಕೂರಿಸಿ, ಅವರ ಗಟ್ಟಿಯಾದ ಹಳೆಯ ಹೃದಯವನ್ನು ಇನ್ನೊಬ್ಬರಿಗೆ ದಾಟಿಸಿದರು. ಡಾಮಿನೋ ಕಸಿ ಎಂದು ಹೆಸರು. ಬದುಕಿರುವಾಗಲೇ ಹೃದಯ ದಾನ ಮಾಡಿದವರು ಲೋಕದಲ್ಲಿದ್ದರೆ ಇವರೇ.

1983ರಲ್ಲಿ ಟೊರಾಂಟೊದ ಜೋಯಲ್ ಕೂಪರ್ ಒಂದೇ ಶ್ವಾಸಕೋಶದ ಕಸಿಯಲ್ಲೂ, 1986ರಲ್ಲಿ ಜೋಡಿ ಶ್ವಾಸಕೋಶದ ಕಸಿಯಲ್ಲೂ ಗೆದ್ದ ಮೇಲೆ ಚಿತ್ರ ಬದಲಾಯಿತು. ಹೃದಯ ಕೆಟ್ಟವರಿಗೆ ಹೃದಯ, ಶ್ವಾಸಕೋಶ ಕೆಟ್ಟವರಿಗೆ ಶ್ವಾಸಕೋಶ. ಎರಡೂ ಉಳಿಸಲಾಗದವರಿಗೆ ಮಾತ್ರ ಗೊಂಚಲು. 1990ರ ಹೊತ್ತಿಗೆ ಲೋಕದಲ್ಲಿ ವರ್ಷಕ್ಕೆ ಇನ್ನೂರರ ಮೇಲೆ ಆಗುತ್ತಿದ್ದ ಜೋಡಿ ಕಸಿ ಈಗ ನೂರರ ಒಳಗೆ ಬಂದಿದೆ. ಭಾರತದಲ್ಲಿ ಮೊದಲ ಹೃದಯ ಕಸಿ 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಅವರಿಂದ, ಮೊದಲ ಜೋಡಿ ಕಸಿ 1999ರಲ್ಲಿ ಚೆನ್ನೈಯಲ್ಲಿ ಕೆ.ಎಂ. ಚೆರಿಯನ್ ಅವರಿಂದ ಆಯಿತು. ಚೆರಿಯನ್ ವೈದ್ಯಕೀಯ ಓದಿದ್ದು ನಮ್ಮ ಕರಾವಳಿಯ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ.

ಸಂಖ್ಯೆ ಇಳಿದದ್ದು ಸೋಲಲ್ಲ. ಶ್ವಾಸಕೋಶದ ಒತ್ತಡ ತಗ್ಗಿಸುವ ಮಾತ್ರೆಗಳು ಬಂದಿವೆ. ಹೃದಯದ ರಂಧ್ರವನ್ನು ಕೂಸಿದ್ದಾಗಲೇ ಮುಚ್ಚುತ್ತಾರೆ. ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಸ್ಟೆತಾಸ್ಕೋಪಿನಲ್ಲಿ ಕೇಳಿಸಿಕೊಳ್ಳುವುದರಲ್ಲಿ ಆ ರಂಧ್ರದ ಸದ್ದೂ ಒಂದು. ಅವರು "ದೊಡ್ಡಾಸ್ಪತ್ರೆಗೆ ತೋರಿಸಿ" ಎಂದು ಚೀಟಿ ಬರೆದರೆ ಅದನ್ನು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿ ಮರೆಯಬೇಡಿ. ಇಪ್ಪತ್ತು ವರ್ಷದ ನಂತರದ ಗೊಂಚಲು ಕಸಿ ತಪ್ಪುವುದು ಆ ಚೀಟಿಯಿಂದಲೇ.

ಅಂದು ತರಗತಿ ಮುಗಿಯುವ ಹೊತ್ತಿಗೆ ಆ ಹುಡುಗನ ಕೈಗೆ ಕತ್ತರಿ ಕೊಟ್ಟು, "ಈಗ ಗುಂಡಿಗೆಯನ್ನು ಬೇರೆ ಮಾಡು" ಅಂದೆ. ಮನೆಯಲ್ಲಿ ದಿನವೂ ನೋಡುವ ಕೆಲಸ. ಪಟ್ಟನೆ ಕತ್ತರಿ ಹಿಡಿದ. ಗುಂಡಿಗೆಯ ಹಿಂದೆ ಬೆರಳು ಹಾಕಿ ತಡಕಿದ. ಸಿರೆ ಶ್ವಾಸಕೋಶದಿಂದ ಹೊರಟು ಯಾವಾಗ ಗುಂಡಿಗೆಯ ಗೋಡೆಯಾಗುತ್ತದೆ ಎಂಬುದು ಬೆರಳಿಗೆ ಸಿಗಲಿಲ್ಲ. ಕತ್ತರಿಯನ್ನು ಅತ್ತ ಇಟ್ಟ, ಇತ್ತ ಇಟ್ಟ. ಕೊನೆಗೆ ತಲೆಯೆತ್ತಿ ಕೇಳಿದ:

"ಎಲ್ಲಿ ಕೊಯ್ಯಲಿ ಸಾರ್?"

ಕಸಿಯ ವೈದ್ಯರು ಒಬ್ಬೊಬ್ಬ ರೋಗಿಯ ಮುಂದೆಯೂ ಮೊದಲು ಕೂತು ಯೋಚಿಸುವುದು ಇದನ್ನೇ ಎಂದು ಅವನಿಗೆ ಹೇಳಿದೆ.